ಇರುವ ಬೆಕ್ಕುಗಳನ್ನು ಕೇಳಿ ಹೊಸದನ್ನು ತಾ

ಪ್ರೀತಿಯ ಪುಟ್ಟಿ,

ಪಾರ್ಕಿಂಗ್‌ನಲ್ಲಿ ಕಾರಿನಡಿ ಕೂತ ಆ ಬೂದು ಮರಿಯ ಫೋಟೋ ನೋಡಿದೆ. ‘ದೊಡ್ಡಮ್ಮ, ಇವತ್ತೇ ಮೇಲಕ್ಕೆ ತಂದುಬಿಡಲಾ?’ ಎಂದು ಕೇಳಿದ್ದೀಯ. ಇವತ್ತು ಬೇಡ. ಯಾಕೆಂದು ಇಲ್ಲಿ ಬರೆಯುತ್ತೇನೆ. ವಳಗೇರಹಳ್ಳಿ, ಮಲ್ಲತ್ತಹಳ್ಳಿ, ನಾಗರಭಾವಿಯ ಫ್ಲ್ಯಾಟುಗಳಲ್ಲಿ ನಿನ್ನ ಹಾಗೇ ಯೋಚಿಸುತ್ತಿರುವ ಮಕ್ಕಳೂ ಓದಲಿ ಎಂದು ಪತ್ರಿಕೆಗೇ ಕೊಡುತ್ತಿದ್ದೇನೆ.

ನಿನ್ನ ಮನೆಯಲ್ಲಿ ಈಗಾಗಲೇ ಇಬ್ಬರಿದ್ದಾರೆ. ಹನ್ನೊಂದು ವರ್ಷದ ಅಜ್ಜಿ ಬೆಕ್ಕು, ಮೂರು ವರ್ಷದ ಗಂಡು. ಆಯ್ಕೆ ಶುರುವಾಗಬೇಕಾದ್ದು ಅವರಿಂದ. ಯಾವ ಮರಿ ಮುದ್ದಾಗಿದೆ ಎನ್ನುವುದು ಕಟ್ಟಕಡೆಯ ಪ್ರಶ್ನೆ.

ನಾವು ಸಾಕುವ ಬೆಕ್ಕಿನ ಮೂಲ ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆಯ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ಮೀನು ಮಾರ್ಕೆಟ್ಟಿನಲ್ಲಿ, ಹೋಟೆಲಿನ ಹಿತ್ತಲಲ್ಲಿ ಹತ್ತಾರು ಬೆಕ್ಕು ಒಟ್ಟಿಗಿರುವುದನ್ನು ನೀನೂ ನೋಡಿದ್ದೀಯ. ಅವು ಹೆಚ್ಚಾಗಿ ತಾಯಿ, ಮಗಳು, ಅಕ್ಕತಂಗಿಯರ ಸಂಸಾರಗಳು. ಹೊರಗಿನ ಬೆಕ್ಕು ಕಾಲಿಟ್ಟರೆ ಓಡಿಸುತ್ತವೆ. ನಿನ್ನ ಅಜ್ಜಿ ಬೆಕ್ಕಿಗೆ ಆ ಎರಡು ಬೆಡ್‌ರೂಮಿನ ಮನೆಯೇ ಪೂರ್ತಿ ಸೀಮೆ. ಅಲ್ಲಿಗೆ ಮತ್ತೊಬ್ಬರು ಬರುವುದು ಅವಳಿಗೆ ಸಣ್ಣ ವಿಷಯವಲ್ಲ.

ಹಾಗಾದರೆ ಎಂಥವರನ್ನು ತರಬೇಕು? ಎರಡು ತಿಂಗಳ ಮರಿಗೆ ಬೆಳಗಿನಿಂದ ರಾತ್ರಿಯವರೆಗೂ ಯಾರ ಮೇಲಾದರೂ ನೆಗೆಯುವುದೇ ಆಟ. ಕೀಲು ನೋಯುವ ವಯಸ್ಸಿನವಳಿಗೆ ಅದು ಹಿಂಸೆ. ಅವಳೊಬ್ಬಳೇ ಇದ್ದಿದ್ದರೆ, ನಾಲ್ಕೈದು ವರ್ಷ ತುಂಬಿದ, ಬೇರೆ ಬೆಕ್ಕುಗಳ ಜೊತೆ ಬೆಳೆದು ಅಭ್ಯಾಸವಿರುವ, ಶಾಂತ ಸ್ವಭಾವದ್ದನ್ನು ತಾ ಎನ್ನುತ್ತಿದ್ದೆ. ಜನ ದೊಡ್ಡ ಬೆಕ್ಕನ್ನು ದತ್ತು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಅದು ಸರಿಯಲ್ಲ, ಏಕೆಂದರೆ ದೊಡ್ಡದರ ಗುಣ ಕಣ್ಣೆದುರೇ ಇರುತ್ತದೆ, ಮರಿಯದು ಇನ್ನೂ ತಿಳಿಯಬೇಕು. ಗಂಡು ಬೆಕ್ಕಿಗೆ ಓಡಿ ಹಿಡಿದು ಕುಸ್ತಿಯಾಡುವ ಜೊತೆಗಾರ ಬೇಕು. ಅವನಿಗೆ ಎಳೆಯ ವಯಸ್ಸಿನವನೇ ಸರಿ. ಇಬ್ಬರ ಅಗತ್ಯವೂ ಹೀಗೆ ಬೇರೆ ಬೇರೆ, ಹಾಗಾಗಿ ನಿನ್ನ ಮನೆಗೆ ಹೊಂದುವುದು ಒಂದೆರಡು ವರ್ಷದ, ಆಟವಾಡಿದರೂ ಮೈಮೇಲೆ ಬೀಳದ ಬೆಕ್ಕು. ಗಂಡೋ ಹೆಣ್ಣೋ ಎನ್ನುವುದಕ್ಕಿಂತ ಮರಿಯಾಗದಂತೆ ಆಪರೇಷನ್ ಆಗಿದೆಯೇ ಎನ್ನುವುದು ಮುಖ್ಯ.

ಆ ಮರಿಯ ಬಗ್ಗೆ ಇನ್ನೊಂದು ಮಾತು. ಬೆಕ್ಕಿನ ಮರಿ ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ, ದನಿ ಕಂಡಿದ್ದರೆ ಸುಲಭವಾಗಿ ಪಳಗುತ್ತದೆ. ಎಷ್ಟು ಜೋರಾಗಿ ಕಚ್ಚಬಾರದು ಎಂಬ ಪಾಠವನ್ನೂ ಎಳೆತನದಲ್ಲೇ ತಾಯಿ, ಒಡಹುಟ್ಟಿದವುಗಳಿಂದ ಕಲಿಯುತ್ತದೆ. ಒಂಟಿಯಾಗಿ ಕಂಡ ಮಾತ್ರಕ್ಕೆ ಅನಾಥವಲ್ಲ, ತಾಯಿ ಊಟ ಹುಡುಕಲು ಹೋಗಿರಬಹುದು. ದೂರ ನಿಂತು ಕೆಲವು ಗಂಟೆ ಕಾದು ನೋಡು. ಹಸುವಿನ ಹಾಲು ಇಡಬೇಡ, ಭೇದಿಯಾಗುತ್ತದೆ.

ಯಾರನ್ನೇ ತಂದರೂ ಮೊದಲು ಡಾಕ್ಟರ ಹತ್ತಿರ. ಬೀದಿ ಮರಿಗಳನ್ನು ಕೊಲ್ಲುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಿರಬಲ್ಲದು. ನಿನ್ನಿಬ್ಬರ ಲಸಿಕೆ ಬಾಕಿ ಇದ್ದರೆ ಈಗಲೇ ಹಾಕಿಸು. ಹೊಸಬರಿಗೆ ಎಫ್‌ಐವಿ, ಎಫ್‌ಇಎಲ್‌ವಿ ಎಂಬ ವೈರಸ್‌ಗಳ ರಕ್ತಪರೀಕ್ಷೆ ಮಾಡಿಸು, ಸೋಂಕು ಹೊಸದಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಮತ್ತೆ ಯಾವಾಗ ಮಾಡಿಸಬೇಕೆಂದು ಡಾಕ್ಟರನ್ನು ಕೇಳಿಕೋ. ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲಿಟರ್ ಟ್ರೇ. ಆ ಕೋಣೆಗೆ ಹೋಗಿ ಬಂದರೆ ಕೈ ತೊಳೆದು ಬಟ್ಟೆ ಬದಲಿಸು. ನೆಲ ಒರೆಸಲು ನಮ್ಮಲ್ಲಿ ಎಲ್ಲರೂ ಫಿನಾಯಿಲ್ ಹಾಕುತ್ತಾರೆ. ಬೆಕ್ಕಿರುವ ಮನೆಗೆ ಅದು ಬೇಡವೇ ಬೇಡ, ಡೆಟಾಲೂ ಬೇಡ. ಆ ಜಾತಿಯ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ವಿಷ ಒಳಗೆ ಹೋದಂತೆಯೇ. ವೈರಸ್ಸಿಗೆ ಬ್ಲೀಚ್ ಸಾಕು: ಒಂದು ಪಾಲಿಗೆ 32 ಪಾಲು ನೀರು, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆದು ಒಣಗಿಸು.

ಇನ್ನು ಭೇಟಿ ಮಾಡಿಸುವುದು. ತೆನಾಲಿ ರಾಮಕೃಷ್ಣನ ಬೆಕ್ಕು ಮೊದಲ ಸಲ ಸುಡುಸುಡು ಹಾಲಿಗೆ ಬಾಯಿಟ್ಟು, ಆಮೇಲೆ ಹಾಲು ಕಂಡರೇ ಓಡಿದ ಕಥೆ ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದೆನಲ್ಲ. ಬೆಕ್ಕುಗಳ ಮೊದಲ ಮುಖಾಮುಖಿಯೂ ಹಾಗೇ, ಒಮ್ಮೆ ಕೆಟ್ಟರೆ ಸರಿಪಡಿಸಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಮೊದಲು ವಾಸನೆ. ಹೊಸಬರು ಮಲಗಿದ ಬಟ್ಟೆಯನ್ನು ಇವರ ಹತ್ತಿರ, ಇವರದನ್ನು ಅವರ ಹತ್ತಿರ ಇಡು. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ಮುನಿಸಿಲ್ಲದೆ ತಿನ್ನತೊಡಗಿದ ಮೇಲೆ ಸೊಳ್ಳೆ ಮೆಶ್ ಬಾಗಿಲಿನಾಚೆಯಿಂದ ನೋಡಲಿ. ಬುಸ್ ಎಂದರೆ ಗಾಬರಿಯಾಗಬೇಡ, ‘ದೂರ ಇರು’ ಎನ್ನುವ ಮಾತು ಅದು, ಹೇಳಲಿ ಬಿಡು. ನಿಜವಾಗಿ ಕೆಟ್ಟದ್ದು ಸದ್ದಿಲ್ಲದ್ದು: ದಿಟ್ಟಿಸಿ ನೋಡುತ್ತಾ ಕೂರುವುದು, ಟ್ರೇಗೋ ಊಟಕ್ಕೋ ಹೋಗುವ ದಾರಿಗೆ ಅಡ್ಡ ಕೂರುವುದು. ಅಂಥದ್ದು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡು.

ಮೂರು ಬೆಕ್ಕಿಗೆ ನಾಲ್ಕು ಟ್ರೇ ಬೇಕು, ಅವೂ ಒಂದೇ ಮೂಲೆಯಲ್ಲಲ್ಲ. ನಿನ್ನ ಫ್ಲ್ಯಾಟಿನಲ್ಲಿ ಅಷ್ಟು ಜಾಗ ಎಲ್ಲಿದೆ, ಅಳತೆ ಮಾಡಿ ನೋಡು. ಒತ್ತಡಕ್ಕೆ ಸಿಕ್ಕ ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಳ್ಳುವುದುಂಟು. ಟ್ರೇನಲ್ಲಿ ಮತ್ತೆ ಮತ್ತೆ ಕೂತು ಏನೂ ಬರದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡು, ಒಂದೆರಡು ದಿನ ತಡೆದರೆ ಜೀವ ಹೋಗುತ್ತದೆ.

ಜಾಗ ಸಾಲದೆಂದು ಯಾರನ್ನೂ ಹೊರಗೆ ಬಿಡಬೇಡ. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಸಾವಿರ ಎಕರೆಗೂ ಮಿಕ್ಕ ಆವರಣ, ಅದರೊಳಗೆ ಜೀವವೈವಿಧ್ಯ ಉದ್ಯಾನ, ನವಿಲು, ಗೂಬೆ, ನೂರಾರು ಸಣ್ಣ ಹಕ್ಕಿಗಳಿವೆ. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾದಿಂದ ಸಣ್ಣ ಗೀರು ಗಾಯಕ್ಕೂ ಹಕ್ಕಿ ಸಾಯಬಹುದು. ಬಾಲ್ಕನಿಗೆ ಗಟ್ಟಿ ಬಲೆ ಹಾಕಿಸು.

ಇಷ್ಟೆಲ್ಲ ಓದಿದ ಮೇಲೂ ಮೂರನೆಯದು ಬೇಕೆನ್ನಿಸಿದರೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬೇಡವೆನ್ನಿಸಿದರೂ ಆ ಮರಿಯನ್ನು ಕೈಬಿಟ್ಟಂತೆ ಆಗುವುದಿಲ್ಲ. ತಾಯಿ ಸಿಕ್ಕರೆ ತಾಯಿಗೆ ಆಪರೇಷನ್, ಮರಿಗೆ ಲಸಿಕೆ ಹಾಕಿಸಿ, ಬೆಕ್ಕಿಲ್ಲದ ಒಳ್ಳೆಯ ಮನೆ ಹುಡುಕೋಣ. 1991ರಿಂದ ಬೆಂಗಳೂರಿನಲ್ಲಿ ಪ್ರಾಣಿಗಳಿಗಾಗಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳನ್ನು ದತ್ತಿನ ಬಗ್ಗೆ ವಿಚಾರಿಸು. ಖರ್ಚಿನಲ್ಲಿ ಅರ್ಧ ನನ್ನದು.

ಭಾನುವಾರ ಮೆಟ್ರೋದಲ್ಲಿ ಬರುತ್ತೇನೆ, ಜ್ಞಾನಭಾರತಿ ಸ್ಟೇಷನ್ನಿಗೆ ಬಾ. ಅಷ್ಟರೊಳಗೆ ಅಜ್ಜಿ ಬೆಕ್ಕಿನ ಕಿಡ್ನಿ ಪರೀಕ್ಷೆ ಮಾಡಿಸಿಡು. ಅವಳ ರಿಪೋರ್ಟ್ ನೋಡಿಯೇ ಮುಂದಿನ ಮಾತು.

ನಿನ್ನ,
ದೊಡ್ಡಮ್ಮ