ಕೊಂಡಿಯ ಬಾಯಿ ಕೂಡಲಿ

ಮಗಳೆ, ಜಂಪ್ ರಿಂಗ್ ಅನ್ನುವ ಸಣ್ಣ ಕೊಂಡಿಗಳನ್ನು ತರಿಸಿಕೊಂಡು ಓಲೆ, ಬಳೆ, ಸರ ಹೆಣೆಯುವುದಕ್ಕೆ ಕೈ ಹಾಕಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಕೇಳಿ ಹಿಗ್ಗಾಯಿತು. ಅಗ್ಗಿಷ್ಟಿಕೆ, ಊದುಗೊಳವೆ ಇಟ್ಟುಕೊಂಡು ಬೆಳ್ಳಿ ಕೆಲಸ ಮಾಡಿದ ಮನೆ ನಮ್ಮದು. ಸೋಸಲೆಯ ಆ ಪಡಸಾಲೆಯಲ್ಲಿ ತಯಾರಾದ ಉಡಿದಾರ, ಕಾಲುಚೈನುಗಳೂ ಕೊಂಡಿಗೆ ಕೊಂಡಿ ಸಿಕ್ಕಿಸಿದವೇ. ನೀನು ಬೆಂಕಿಯಿಲ್ಲದೆ, ಬರೀ ಎರಡು ಇಕ್ಕಳದಲ್ಲಿ ಮಾಡುತ್ತಿರುವುದು ಅದೇ ಕಸುಬಿನ ಇನ್ನೊಂದು ದಾರಿ. ಹೊಸ ಹೊಸ ಹೆಣಿಗೆ ಕಲಿಯುವ ಆತುರ ನಿನಗಿದೆ, ಇರಲೇಬೇಕು. ಅದಕ್ಕೂ ಮೊದಲು ಒಂದು ಮಾತು ಕಿವಿಗೆ ಹಾಕಿಕೊ. ಸರದ ಆಯುಸ್ಸು ನಿಂತಿರುವುದು ಒಂದೊಂದು ಕೊಂಡಿಯ ಬಾಯಿ ಹೇಗೆ ಕೂಡಿದೆ ಅನ್ನುವುದರ ಮೇಲೆ.

ಕೊಂಡಿ ಬಿಡಿಸುವಾಗ ಎರಡು ತುದಿಯನ್ನೂ ಎಡಬಲಕ್ಕೆ ಎಳೆದು ಅಗಲ ಮಾಡುವವರನ್ನು ನೋಡಿದ್ದೇನೆ. ಹಾಗೆ ಎಳೆದ ಕೊಂಡಿ ಮತ್ತೆ ಗುಂಡಗಾಗುವುದಿಲ್ಲ. ಬಾಗಿಲು ತೆರೆಯುವ ಹಾಗೆ ತೆರೆಯಬೇಕು: ಎರಡು ಕೈಯಲ್ಲೂ ಇಕ್ಕಳ ಹಿಡಿದು, ಒಂದು ತುದಿಯನ್ನು ನಿನ್ನ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸು. ಮುಚ್ಚುವಾಗಲೂ ಅದೇ ದಾರಿಯಲ್ಲಿ ವಾಪಸು ಬಾ, ಆದರೆ ಬಾಯಿ ಎದುರುಬದುರಾದ ಕೂಡಲೇ ನಿಲ್ಲಿಸಬೇಡ. ಲೋಹಕ್ಕೆ ಹಿಂದಕ್ಕೆ ಜಗ್ಗುವ ಗುಣ ಇದೆ. ನೀನು ಬಿಟ್ಟ ತಕ್ಷಣ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ತುದಿಗಳನ್ನು ಒಂದರ ಮೇಲೊಂದು ಸವರುವಂತೆ ಸ್ವಲ್ಪ ಒಳಕ್ಕೆ ಒತ್ತುತ್ತಾ, ಆ ಕಡೆ ಈ ಕಡೆ ಎರಡು ಮೂರು ಸಲ ಆಡಿಸಿ ನಿಲ್ಲಿಸು. ಸರಿಯಾಗಿ ಕೂಡಿದಾಗ ಕಿರುಕ್ ಅಂತ ಒಂದು ಸಣ್ಣ ಸದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಉಗುರಿನಿಂದ ಕೊಂಡಿಯ ಸುತ್ತ ಸವರಿ ನೋಡು. ಎಲ್ಲೂ ಉಗುರು ತಡೆಯಬಾರದು. ಕಣ್ಣು ಮೋಸ ಹೋಗಬಹುದು, ಉಗುರು ಹೋಗುವುದಿಲ್ಲ. ಸೀರೆಯ ನೂಲು, ತಲೆಗೂದಲು ಸಿಕ್ಕಿಕೊಳ್ಳುವುದೆಲ್ಲ ಆ ಸಂದಿಯಲ್ಲೇ.

ಇಕ್ಕಳಕ್ಕೆ ಹಲ್ಲು ಇರಬಾರದು. ಎಲೆಕ್ಟ್ರಿಕಲ್ ಅಂಗಡಿಯ ಪ್ಲೈಯರ್‌ಗೆ ಹಲ್ಲಿರುತ್ತದೆ, ಕೊಂಡಿಯ ಮೈಯೆಲ್ಲ ಕಚ್ಚಿದ ಗುರುತು ಬೀಳುತ್ತದೆ. ಬಾಯಿ ನುಣ್ಣಗಿರುವ ಚಪ್ಪಟೆ ಇಕ್ಕಳ ಎರಡು ಕೊಂಡುಕೊ. ದುಡ್ಡು ಉಳಿಸಬೇಕಾದ ಜಾಗ ಅದಲ್ಲ.

ಇನ್ನು ತಂತಿಯ ವಿಚಾರ. ಪೊಟ್ಟಣದಲ್ಲಿ ಬರುವ ಸಿದ್ಧ ಕೊಂಡಿಗಳನ್ನು ಬಿಟ್ಟು ನಿನ್ನ ಕೊಂಡಿಯನ್ನು ನೀನೇ ಮಾಡಿಕೊ ಅನ್ನುತ್ತೇನೆ. ಅಳತೆ ನಿನ್ನ ಕೈಯಲ್ಲಿರುತ್ತದೆ. ನರಸೀಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರ್ ಸುತ್ತುವ ಅಂಗಡಿಗೆ ಹೋಗಿ 19 ಗೇಜಿನ ತಾಮ್ರದ ತಂತಿ ಕೇಳು. ಅದರ ದಪ್ಪ ಹೆಚ್ಚುಕಡಿಮೆ 1 ಮಿಲಿಮೀಟರು. ಮೇಲೆ ವಾರ್ನಿಷ್ ಬಳಿದಿರುತ್ತಾರೆ, ಕಲಿಯುವ ಕೈಗೆ ಅದರಿಂದ ತೊಂದರೆಯಿಲ್ಲ. ಸ್ವೆಟರ್ ಹೆಣೆಯುವ ಕಡ್ಡಿಯಲ್ಲಿ 9ನೇ ನಂಬರಿನದು 3.75 ಮಿ.ಮೀ. ಇರುತ್ತದೆ. ಆ ಕಡ್ಡಿಗೆ ತಂತಿಯನ್ನು ಸಂದಿಯಿಲ್ಲದಂತೆ ಬಿಗಿಯಾಗಿ ಸುತ್ತಿ, ಸುರುಳಿಯನ್ನು ಜಾರಿಸಿ ತೆಗೆದು, ಒಡವೆ ಕೆಲಸದ ಸಣ್ಣ ಗರಗಸದಿಂದ ಉದ್ದಕ್ಕೆ ಕೊಯ್ದರೆ ಕೊಂಡಿಗಳು ಉದುರುತ್ತವೆ. ಕತ್ತರಿಸುವ ಇಕ್ಕಳದಿಂದ ಕಡಿದರೆ ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಚೂಪಾಗಿರುತ್ತದೆ. ಎಷ್ಟು ಒತ್ತಿದರೂ ಎರಡೂ ಒಂದಕ್ಕೊಂದು ಕೂರುವುದಿಲ್ಲ. ನಿಧಾನವಾದರೂ ಗರಗಸವೇ ಮೇಲು.

ಒಂದು ಲೆಕ್ಕ ಬರೆದಿಟ್ಟುಕೊ. ಕೊಂಡಿಯ ಒಳಗಿನ ಅಗಲವನ್ನು ತಂತಿಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಈ ಹೆಣಿಗೆಗೆಲ್ಲ ತಳಹದಿ. ಮೇಲೆ ಹೇಳಿದ ಅಳತೆಯಲ್ಲಿ ಅದು ಸುಮಾರು 3.7. ಮೂರಕ್ಕಿಂತ ಕಡಿಮೆಯಾದರೆ ಬಹಳಷ್ಟು ಹೆಣಿಗೆಗಳಲ್ಲಿ ಕೊಂಡಿ ತೂರುವುದಕ್ಕೇ ಜಾಗವಿರುವುದಿಲ್ಲ. ಐದು ದಾಟಿದರೆ ಸರ ಜೋತುಬಿದ್ದು ರೂಪ ಕೆಡುತ್ತದೆ. ಈ ಅಳತೆಯ ನೂರು ಕೊಂಡಿಗೆ ಒಂದೂವರೆ ಮೀಟರು ತಂತಿ ಸಾಕು, ತಾಮ್ರದಲ್ಲಾದರೆ ಹತ್ತೂವರೆ ಗ್ರಾಂ ತೂಗುತ್ತದೆ. ಇದನ್ನೇ ಬೆಳ್ಳಿಯಲ್ಲಿ ಮಾಡಿದರೆ ಒಂದು ಕೊಂಡಿ ಸುಮಾರು 0.12 ಗ್ರಾಂ. ಅಂದರೆ ಒಂದು ಗುಲಗಂಜಿ. ನಮ್ಮ ತಿರುಮಕೂಡಲಿನ ಸಂಗಮದ ದಂಡೆಯಲ್ಲಿ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಹಿಡಿದಿರುವ ಕಾಳು ಅದೇ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ಅಂತ ಹಿರಿಯರು ಹೇಳುವುದನ್ನು ನೀನೂ ಕೇಳಿದ್ದೀಯ. ಹಿಂದೆ ಅಕ್ಕಸಾಲಿಗರು ತಕ್ಕಡಿಯಲ್ಲಿ ಚಿನ್ನ ಬೆಳ್ಳಿ ತೂಗುತ್ತಿದ್ದುದೂ ಅದೇ ಕಾಳಿನಿಂದ. ಹಾಗಾಗಿ ಒಂದು ಕೊಂಡಿ ಕೈಜಾರಿ ಬಿದ್ದರೆ ಬಗ್ಗಿ ಹುಡುಕು. ಮಡಿಲಿಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತರೆ ಹುಡುಕುವ ಕೆಲಸವೇ ಬರುವುದಿಲ್ಲ.

ಬೆಸುಗೆಯಿಲ್ಲದ ಕೊಂಡಿ ಭಾರ ತಡೆಯುವುದೇ ಅನ್ನುವ ಪ್ರಶ್ನೆ ಹೊಸದಲ್ಲ. ಯೋಧರು ತೊಡುತ್ತಿದ್ದ ಕೊಂಡಿಯ ಕವಚ ನೋಡು. ಯುರೋಪಿನಲ್ಲಿ ಕೆಲ್ಟ್ ಜನ ಕ್ರಿಸ್ತಪೂರ್ವ ಮೂರನೇ ಶತಮಾನದ ಹೊತ್ತಿಗೇ ಅದನ್ನು ಮಾಡುತ್ತಿದ್ದರು, ಆಮೇಲೆ ನಮ್ಮ ದೇಶದ ಸೈನ್ಯಗಳಿಗೂ ಬಂತು. ಒಂದು ಕೊಂಡಿಗೆ ನಾಲ್ಕು ಕೊಂಡಿ ಸಿಕ್ಕಿಸುವ ನೀನು ಕಲಿತ ಮೊದಲ ಹೆಣಿಗೆಯೇ ಅದು. ಒಳ್ಳೆಯ ಕವಚದಲ್ಲಿ ಕೊಂಡಿಯ ತುದಿಗಳನ್ನು ತಟ್ಟಿ ಚಪ್ಪಟೆ ಮಾಡಿ, ತೂತು ಹಾಕಿ, ರಿವೆಟ್ ಬಡಿಯುತ್ತಿದ್ದರು. ಬರೀ ಒತ್ತಿ ಮುಚ್ಚಿದ ಕೊಂಡಿ ಈಟಿಯ ಮೊನೆಗೆ ತೆರೆದುಕೊಳ್ಳುತ್ತದೆ ಅಂತ ಅವರಿಗೆ ಗೊತ್ತಿತ್ತು. ಒಡವೆಯವರು ಇನ್ನೂ ಹಿಂದೆ ಇದಕ್ಕೆ ದಾರಿ ಕಂಡುಕೊಂಡಿದ್ದರು. ಇವತ್ತಿನ ಇರಾಕಿನಲ್ಲಿರುವ ಊರ್ ಎಂಬ ಪಟ್ಟಣದ ರಾಜಗೋರಿಗಳಲ್ಲಿ ಸಿಕ್ಕ ಸುಮಾರು 4500 ವರ್ಷ ಹಳೆಯ ಚಿನ್ನದ ಸರಪಣಿಗಳಲ್ಲಿ ಕೊಂಡಿಯನ್ನು ಮೊದಲೇ ಬೆಸೆದು ಮುಚ್ಚಿ, ಮಡಿಸಿ, ಒಂದರೊಳಗೊಂದು ತೂರಿಸಿದ್ದಾರೆ. ನಿನಗೆ ಈಟಿಯ ಭಯವಿಲ್ಲ. ಆದರೆ ಬಸ್ಸಿನ ನೂಕುನುಗ್ಗಲು ಇದೆ, ಸರ ಹಿಡಿದು ಜಗ್ಗುವ ಮಗುವಿನ ಕೈ ಇದೆ. ಉದ್ದದ ಸರಕ್ಕೆ 1 ಮಿ.ಮೀ.ಗಿಂತ ತೆಳುವಾದ ತಾಮ್ರವನ್ನು ಬೆಸುಗೆಯಿಲ್ಲದೆ ಬಳಸಬೇಡ.

ಬೈಜಾಂಟೈನ್ ಅನ್ನುವ ಹೆಣಿಗೆ ನಿನಗೆ ಬಹಳ ಇಷ್ಟವಂತೆ. ಅದನ್ನು ಕಲಿಯುವಾಗ ಕೈ ಎಡವುವುದು ಒಂದೇ ಜಾಗದಲ್ಲಿ. ಎರಡೆರಡರಂತೆ ಮೂರು ಜೋಡಿ ಸಾಲಾಗಿ ಸಿಕ್ಕಿಸು. ಮೂರನೇ ಜೋಡಿಯನ್ನು ಆ ಕಡೆಗೊಂದು, ಈ ಕಡೆಗೊಂದು ಹಿಂದಕ್ಕೆ ಮಗುಚು. ಈಗ ಎರಡನೇ ಜೋಡಿಯನ್ನು ಬೆರಳಲ್ಲಿ ಸ್ವಲ್ಪ ಅಗಲಿಸಿದರೆ, ಆ ಸಂದಿಯಲ್ಲಿ ಮಗುಚಿದ ಕೊಂಡಿಗಳ ಬೆನ್ನು ಕಾಣಿಸುತ್ತದೆ. ಹೊಸ ಜೋಡಿ ಹೋಗಬೇಕಾದ್ದು ಅಲ್ಲಿ, ಆ ಬೆನ್ನಿನ ಒಳಗೆ. ಮೊದಮೊದಲು ಎರಡನೇ ಜೋಡಿಗೇ ಸಿಕ್ಕಿಸಿಬಿಡುತ್ತಾರೆ, ಅಲ್ಲಿಗೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಒಂದೊಂದು ಜೋಡಿಗೆ ಒಂದೊಂದು ಬಣ್ಣದ ತಂತಿ ಹಾಕಿ ಅಭ್ಯಾಸ ಮಾಡಿದರೆ ಯಾವುದು ಯಾವುದರೊಳಗೆ ಹೋಗಬೇಕು ಅನ್ನುವುದು ಬೇಗ ತಿಳಿಯುತ್ತದೆ. ಒಂದು ಅಂಗುಲ ಹೆಣೆದು, ಅದರಲ್ಲಿರುವ ಕೊಂಡಿಗಳನ್ನು ಎಣಿಸಿ, ಬೇಕಾದ ಉದ್ದಕ್ಕೆ ಗುಣಿಸಿಕೊಂಡು ಆಮೇಲೆ ತಂತಿ ತಾ.

ಬಿಡುವಾದಾಗ ಸೋಮನಾಥಪುರಕ್ಕೆ ಹೋಗಿ ಬಾ. ನಮ್ಮ ತಾಲ್ಲೂಕೇ. ಹದಿಮೂರನೇ ಶತಮಾನದಲ್ಲಿ ಪ್ರತಿಷ್ಠೆಯಾದ ಅಲ್ಲಿನ ಕೇಶವ ದೇವಾಲಯ, 2023ರಲ್ಲಿ ಬೇಲೂರು ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಜನ ಗೋಪುರ ನೋಡಿ, ಫೋಟೊ ತೆಗೆದುಕೊಂಡು ಬಂದುಬಿಡುತ್ತಾರೆ. ನೀನು ಹೊರಗೋಡೆಯ ವಿಗ್ರಹಗಳ ಕೊರಳು, ಸೊಂಟ ನೋಡು. ಮಲ್ಲಿತಮ್ಮನಂಥ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಡೆದ ಹಾರ, ಡಾಬುಗಳು ಮೈಯ ಉಬ್ಬುತಗ್ಗಿನ ಮೇಲೆ ಎಲ್ಲಿ ತಂಗಿವೆ, ಎಲ್ಲಿ ತೂಗಿವೆ, ಎಷ್ಟು ಬಳುಕಿವೆ ಅಂತ ಗಮನಿಸು. ಮೇಜಿನ ಮೇಲೆ ಚಂದ ಕಾಣುವ ಸರ ಕೊರಳಿಗೆ ಬಿದ್ದಾಗ ತಿರುಚಿಕೊಳ್ಳುವುದುಂಟು. ಪ್ರತಿಯೊಂದು ಸರವನ್ನೂ ನೀನೇ ಒಂದು ದಿನ ಹಾಕಿಕೊಂಡು ಮನೆಗೆಲಸ ಮಾಡಿ ನೋಡಿದ ಮೇಲೆ ಬೇರೆಯವರಿಗೆ ಕೊಡು.

ಲೋಹದ ಬಗ್ಗೆ ಕೊಳ್ಳುವವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ತಾಮ್ರ ಬೆವರಿಗೆ ಹಸಿರು ಗುರುತು ಬಿಡುತ್ತದೆ, ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಹೊಳಪು ಬರುತ್ತದೆ. ಹಾಗಂತ ಹೇಳಿಯೇ ಮಾರು. ಜರ್ಮನ್ ಸಿಲ್ವರ್ ಅಂತ ಮಾರುವುದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಇರುವುದು ತಾಮ್ರ, ಸತು, ನಿಕ್ಕಲ್. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆರೆತ, ಗುಳ್ಳೆ ಏಳುತ್ತವೆ. ಕಿವಿಯ ಓಲೆಗಂತೂ ಅದು ಬೇಡ. ಬೆಳ್ಳಿ ಅಂತ ಹೇಳುವುದಾದರೆ ಸಾವಿರ ಪಾಲಿಗೆ 925 ಪಾಲು ಬೆಳ್ಳಿ ಇರುವ ತಂತಿಯನ್ನೇ ನಂಬಿಕೆಯ ಅಂಗಡಿಯಲ್ಲಿ ರಸೀದಿ ಸಮೇತ ಕೊಳ್ಳು. ಬೇಲಿಯ ಜಿ.ಐ. ತಂತಿಯನ್ನು ಒಡವೆಗೆ ಮುಟ್ಟಬೇಡ. ಅದನ್ನು ಕಾಯಿಸಿದರೆ ಬರುವ ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಬೆಲೆ ಕಟ್ಟುವುದಕ್ಕೆ ಸಂಕೋಚಪಡಬೇಡ. ಬರೀ ಸಾದಾ ಸರಪಣಿಯಲ್ಲಿ ಯಂತ್ರದ ಜೊತೆ ಪೈಪೋಟಿಗೆ ಹೋದರೆ ಸೋಲುತ್ತೀಯ. ನಿನ್ನದು ಹೆಣಿಗೆಯ ಕೆಲಸ, ಅದರ ಬೆಲೆ ನಿನ್ನ ಬೆರಳಿನದು. ಲೋಹದ ತೂಕ ಬೇರೆ, ಕೂಲಿ ಬೇರೆ ಬರೆದು ತೋರಿಸು. ಕೊಳ್ಳುವವರ ಎದುರಿಗೇ ತೂಗು. ಒಂದು ಬಳೆಗೆ ಎಷ್ಟು ಹೊತ್ತು ಹಿಡಿಯಿತು ಅಂತ ಗುರುತು ಹಾಕಿಟ್ಟುಕೊ. ಹಾಗಿಲ್ಲದಿದ್ದರೆ ಹೆಣ್ಣುಮಕ್ಕಳ ಕೈಕೆಲಸವನ್ನು ಬಿಡುವಿನ ಆಟ ಅಂತ ಎಣಿಸಿ ಅರ್ಧ ಬೆಲೆಗೆ ಕೇಳುತ್ತಾರೆ, ಅದನ್ನು ನಾನು ಸಹಿಸುವುದಿಲ್ಲ. ಮಾರುವ ಜಾಗವನ್ನೂ ನೋಡಿ ಆರಿಸು. ಮುಡುಕುತೊರೆಯದು ದನಗಳ ಜಾತ್ರೆ. ಅಲ್ಲಿ ಬಂದವರು ಎತ್ತಿನ ಕೊರಳ ಗೆಜ್ಜೆ ನೋಡುತ್ತಾರೆಯೇ ಹೊರತು ನಿನ್ನ ಓಲೆಯನ್ನಲ್ಲ. ಸುತ್ತೂರು ಜಾತ್ರೆಯಲ್ಲಿ ಮಳಿಗೆ ಸಿಕ್ಕರೆ ಬಿಡಬೇಡ, 1989ರಲ್ಲಿ ಶುರುವಾದ ನಮ್ಮ ಸಂಗಮದ ಕುಂಭಮೇಳ ನಡೆಯುವ ವರ್ಷವೂ ಅಷ್ಟೇ.

ಸಂಜೆಗತ್ತಲಲ್ಲಿ ಕೂರಬೇಡ. ಎಡಗಡೆಯಿಂದ ಬೆಳಕು ಬೀಳಲಿ, ಆಗಾಗ ತಲೆಯೆತ್ತಿ ಹೊಳೆಯ ಕಡೆ ದೂರ ನೋಡು. ಕಣ್ಣು ಹೋದ ಅಕ್ಕಸಾಲಿಗರನ್ನು ನಾನು ಬಹಳ ನೋಡಿದ್ದೇನೆ.

ಕೊನೆಯದಾಗಿ ಎರಡು ಕೇಳಿಕೊಳ್ಳುತ್ತೇನೆ, ಇವೆರಡರಲ್ಲಿ ನನ್ನ ಮಾತು ಮೀರಬೇಡ. ಹಾಲುಗಲ್ಲದ ಮಗುವಿಗೆ ಬೆಸೆಯದ ಕೊಂಡಿಯ ಉಡಿದಾರವನ್ನಾಗಲಿ, ಬಳೆಯನ್ನಾಗಲಿ ಯಾರು ಎಷ್ಟು ಬೇಡಿದರೂ ಮಾಡಿಕೊಡಬೇಡ. ಬಿಚ್ಚಿಕೊಂಡ ಒಂದು ಕೊಂಡಿ ಬಾಯಿಗೆ ಹೋದರೆ ಸಾಕು. ಹಾಗೆಯೇ ಮಾಂಗಲ್ಯ ಪೋಣಿಸುವ ಸರ, ಕರಿಮಣಿ ಸರದ ಕೊಂಡಿಗಳು. ಅವನ್ನು ಒಬ್ಬ ಹೆಣ್ಣುಮಗಳು ಹಗಲುರಾತ್ರಿ ಕೊರಳಿನಿಂದ ತೆಗೆಯುವುದಿಲ್ಲ. ನೀನು ಹೆಣೆದು ಮುಗಿಸಿದ ಮೇಲೆ ನರಸೀಪುರದಲ್ಲಿ ಬಿಳಿಗಾರ ಹಾಕಿ ಬೆಸೆಯುವವರ ಹತ್ತಿರ ತೆಗೆದುಕೊಂಡು ಹೋಗಿ, ಕೂಲಿ ಕೊಟ್ಟು, ಎದುರಿಗೇ ಕೂತು, ಒಂದು ಕೊಂಡಿಯನ್ನೂ ಬಿಡದೆ ಬೆಸೆಸಿಕೊಂಡು ಬಾ. ಆಮೇಲೆಯೇ ತೊಡುವವರ ಕೈಗೆ ಕೊಡು.