ದೊಡ್ಡ ರಿವಾಲ್ವರ್ ಕೊಳ್ಳುವವರಿಗೆ: ಸಣ್ಣ ಗುಂಡಿನಿಂದ ಶುರುಮಾಡಿ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಂದೂಕು ಕೊಳ್ಳುವವರು ಈಗ ಅಪರೂಪವೇನಲ್ಲ. ಟೆಕ್ಸಾಸ್‌ನಲ್ಲಿ ನೆರೆಮನೆಯವರು ಜಿಂಕೆ ಬೇಟೆಗೆ ಕರೆಯುತ್ತಾರೆ, ಅಲಾಸ್ಕಾಕ್ಕೆ ಹೊರಟವರಿಗೆ ಕರಡಿಯ ಚಿಂತೆ, ಇನ್ನು ಕೆಲವರಿಗೆ ಶನಿವಾರ ರೇಂಜಿಗೆ ಹೋಗಿ ಗುರಿ ಹೊಡೆಯುವುದೇ ಖುಷಿ. ಇವರಲ್ಲಿ ಒಂದಷ್ಟು ಮಂದಿಯ ಕಣ್ಣು ನೇರವಾಗಿ ಹೋಗಿ ನಿಲ್ಲುವುದು ಗಾಜಿನ ಕಪಾಟಿನೊಳಗಿನ ಅತಿ ದೊಡ್ಡ ರಿವಾಲ್ವರ್ ಮೇಲೆ. 1971ರ ‘ಡರ್ಟಿ ಹ್ಯಾರಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿದ್ದ .44 ಮ್ಯಾಗ್ನಂ ಹಚ್ಚಿದ ಹುಚ್ಚು ಅದು, ಇನ್ನೂ ಇಳಿದಿಲ್ಲ.

ಗನ್ ಅಂಗಡಿಗಳಲ್ಲಿ ಒಂದು ಹಳೇ ಕುಚೋದ್ಯವಿದೆ. ಸೆಕೆಂಡ್‌ಹ್ಯಾಂಡ್ ಕಪಾಟಿಗೆ ಬರುವ .44 ರಿವಾಲ್ವರ್ ಜತೆಗೆ ಐವತ್ತು ಕಾಡತೂಸಿನ ಡಬ್ಬಿಯೂ ಬರುತ್ತದಂತೆ, ಅದರಲ್ಲಿ ಖರ್ಚಾಗಿರುವುದು ಬರೀ ಆರು. ಹೊಸಬರು ಇದನ್ನು ಕೇಳಿ ನಗುವ ಮೊದಲು ಸ್ವಲ್ಪ ಯೋಚಿಸಬೇಕು. ಒಂದೇ ಸುತ್ತಿಗೆ ಅಂಗೈ ಉರಿಸಿಕೊಂಡು ಮಾರಿದವರ ಕಷ್ಟ ಬರೀ ನೋವಿನದಲ್ಲ. ಟ್ರಿಗರ್ ಒತ್ತುವ ಮೊದಲೇ ಕೈ ಬೆಚ್ಚುವ ಚಾಳಿ ಒಮ್ಮೆ ಅಂಟಿದರೆ ಬಿಡಿಸಿಕೊಳ್ಳುವುದು ಬಲು ಕಷ್ಟ. ಯಾವ ರಿವಾಲ್ವರ್ ಕೊಳ್ಳಬೇಕು, ಯಾವ ಗುಂಡು ಹಾಕಬೇಕು, ಮೊದಲ ದಿನ ಎಷ್ಟಕ್ಕೆ ನಿಲ್ಲಿಸಬೇಕು ಎಂಬುದೆಲ್ಲ ಆ ಚಾಳಿ ಹತ್ತದಂತೆ ನೋಡಿಕೊಳ್ಳುವ ಉಪಾಯಗಳೇ.

ಮೊದಲು ವೀಸಾ, ಆಮೇಲೆ ಅಂಗಡಿ

ಎಚ್‌-1ಬಿ, ಎಚ್‌-4, ಎಫ್‌-1, ಬಿ-2 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಇಂಥ ವಿನಾಯಿತಿಗಳು ಬೆರಳೆಣಿಕೆಯಷ್ಟು ಮಾತ್ರ. ಹಲವರಿಗೆ ತಿಳಿಯದ ಸಂಗತಿಯೆಂದರೆ, ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕಕ್ಕೇ ಸೇರುತ್ತದೆ. ಕೌಂಟರಿನವರು ಕೇಳದೇ ಹೋಗಬಹುದು, ಕೇಳಲಿಲ್ಲವೆಂದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ. ಊರಿಂದ ಬಂದ ಭಾವನ ಕೈಗೆ ರಿವಾಲ್ವರ್ ಕೊಟ್ಟು ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವವರಿದ್ದಾರೆ. ಭಾವನ ವೀಸಾಕ್ಕೂ ಕುತ್ತು, ಕೊಟ್ಟವರಿಗೂ ತಾಪತ್ರಯ. ಬಂದೂಕಿನ ಅಪರಾಧ ಗಡೀಪಾರಿಗೆ ಕಾರಣವಾಗಬಲ್ಲದು ಎಂಬುದು ನೆನಪಿರಲಿ.

ಗ್ರೀನ್ ಕಾರ್ಡ್ ಇದ್ದವರು ಮತ್ತು ಪೌರತ್ವ ಪಡೆದವರು ಕೊಳ್ಳಬಹುದು. ಲೈಸೆನ್ಸ್ ಪಡೆದ ಡೀಲರ್ ಬಳಿ ಹ್ಯಾಂಡ್‌ಗನ್ ಕೊಳ್ಳಲು 21 ವರ್ಷ ತುಂಬಿರಬೇಕು. 4473 ನಂಬರಿನ ಫಾರಂ ತುಂಬಿಸುತ್ತಾರೆ, ಪೌರತ್ವ, ವೀಸಾ, ಹಳೇ ಕೇಸು, ಮಾದಕವಸ್ತು ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ಆಮೇಲೆ ಹಿನ್ನೆಲೆ ತಪಾಸಣೆ. ಅದು ಕೆಲವೊಮ್ಮೆ ನಿಂತ ನಿಲುವಿನಲ್ಲೇ ಮುಗಿಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಇದರ ಮೇಲೆ ರಾಜ್ಯದ ಕಾನೂನು ಬೇರೆ: ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು, ಇಲಿನಾಯ್‌ನಲ್ಲಿ ಮೊದಲೇ ಗುರುತುಚೀಟಿ ಮಾಡಿಸಬೇಕು, ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪರ್ಮಿಟ್ ಬೇಕು. ಇನ್ನು, ‘ನಿನಗೆ ಆಗುತ್ತದಲ್ಲ, ನನ್ನ ಹೆಸರಿನ ಬದಲು ನಿನ್ನ ಹೆಸರಲ್ಲಿ ತೆಗೆದುಕೊಡು’ ಎಂದು ಯಾವ ಸ್ನೇಹಿತರು ಕೇಳಿದರೂ ಆಗುವುದಿಲ್ಲ ಎಂದುಬಿಡಿ. ಅದು ಜೈಲಿಗೆ ಹೋಗುವ ದಾರಿ.

ಯಾವ ಬೋರು, ಎಷ್ಟು ತೂಕ

ದೊಡ್ಡ ರಿವಾಲ್ವರ್‌ಗಳಲ್ಲಿ ಒಂದು ಅನುಕೂಲವಿದೆ. 1935ರಲ್ಲಿ ಬಂದ .357 ಮ್ಯಾಗ್ನಂ ರಿವಾಲ್ವರಿಗೆ ಹಳೆಯ .38 ಸ್ಪೆಷಲ್ ಕಾಡತೂಸನ್ನೂ ಹಾಕಬಹುದು. .44 ಮ್ಯಾಗ್ನಂಗೆ .44 ಸ್ಪೆಷಲ್ ಹಾಕಬಹುದು, .454 ಕ್ಯಾಸಲ್‌ಗೆ .45 ಕೋಲ್ಟ್. ಗುಂಡಿನ ದಪ್ಪ ಒಂದೇ, ಮ್ಯಾಗ್ನಂ ಕಾಡತೂಸಿನ ಕೊಳವೆ ತುಸು ಉದ್ದ. ಉಲ್ಟಾ ಮಾಡುವಂತಿಲ್ಲ, ಸ್ಪೆಷಲ್‌ಗೆಂದೇ ಮಾಡಿದ ರಿವಾಲ್ವರಿಗೆ ಮ್ಯಾಗ್ನಂ ಉದ್ದದಿಂದಲೇ ಕೂರದಂತೆ ಮಾಡಿದ್ದಾರೆ. .44 ಮ್ಯಾಗ್ನಂನ ಸಾಮಾನ್ಯ ಗುಂಡು 240 ಗ್ರೇನ್, ಅಂದರೆ ಸುಮಾರು ಹದಿನೈದೂವರೆ ಗ್ರಾಂ. ಅದು ಸೆಕೆಂಡಿಗೆ 400 ಮೀಟರಿನ ಆಸುಪಾಸಿನಲ್ಲಿ ಹೊರಡುತ್ತದೆ. ಹೆಚ್ಚುಕಡಿಮೆ ಅದೇ ತೂಕದ ಗುಂಡು ಹಳೇ .44 ಸ್ಪೆಷಲ್‌ನಲ್ಲಿ ಸೆಕೆಂಡಿಗೆ 230 ಮೀಟರಿನಷ್ಟೇ. ಕೈಗೆ ಬೀಳುವ ಒದೆತದಲ್ಲಿ ಅಜಗಜಾಂತರ. ಹಾಗಾಗಿ ಮ್ಯಾಗ್ನಂ ಕೊಂಡು ಮೊದಲ ಕೆಲವು ತಿಂಗಳು ಸ್ಪೆಷಲ್ ಹಾರಿಸುವುದೇ ಜಾಣತನ.

ನನ್ನನ್ನು ಕೇಳಿದರೆ ಮೊದಲ ರಿವಾಲ್ವರ್ .357 ಆಗಿರಲಿ. ನಾಲ್ಕು ಅಥವಾ ಆರು ಇಂಚಿನ ನಳಿಕೆ, ಪೂರ್ತಿ ಉಕ್ಕು, ಒಂದು ಕಿಲೋಗೆ ಕಡಿಮೆಯಿಲ್ಲದ ತೂಕ. ರೂಗರ್ ಕಂಪನಿಯ ಜಿಪಿ100 ಈ ಲೆಕ್ಕಕ್ಕೆ ಹೊಂದುತ್ತದೆ. .44 ಬೇಕೇ ಬೇಕೆಂದು ಮನಸ್ಸು ಮಾಡಿದ್ದರೆ ಸ್ಮಿತ್ ಅಂಡ್ ವೆಸನ್‌ನ 629 ಇದೆ, ರೂಗರ್‌ನ ರೆಡ್‌ಹಾಕ್ ಮತ್ತು ಸೂಪರ್ ರೆಡ್‌ಹಾಕ್ ಇವೆ. ಹೊಸಬರು ಮೋಸ ಹೋಗುವುದು ತೂಕದಲ್ಲಿ. ಅಂಗಡಿಯಲ್ಲಿ ಹಿಡಿದಾಗ ಹಗುರವಾದದ್ದೇ ಹಿತವೆನಿಸುತ್ತದೆ. ಸ್ಮಿತ್ ಅಂಡ್ ವೆಸನ್‌ನ 329ಪಿಡಿ ಎಂಬ .44 ಮುಕ್ಕಾಲು ಕಿಲೋನೂ ಇಲ್ಲ. ಅಲಾಸ್ಕಾದ ಕಾಡಿನಲ್ಲಿ ದಿನವಿಡೀ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವರಿಗೆ ಅದು ವರ, ಕಲಿಯುವ ಕೈಗೆ ಶಿಕ್ಷೆ. ಒದೆತವನ್ನು ನುಂಗುವುದು ರಿವಾಲ್ವರಿನ ತೂಕವೇ. 2003ರಲ್ಲಿ ಬಂದ .500 ಮ್ಯಾಗ್ನಂನ ಉದ್ದ ನಳಿಕೆಯ ಮಾದರಿ ಎರಡು ಕಿಲೋ ತೂಗುವುದಕ್ಕೆ ಕಾರಣ ಇದು. ಅದರ ತಂಟೆಗೆ ಸದ್ಯಕ್ಕೆ ಹೋಗಬೇಡಿ.

ಕರಡಿಗೆಂದು ಕೊಳ್ಳುವವರಿಗೊಂದು ಮಾತು. ಯೆಲ್ಲೊಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಗಳಿಗೆ ರಾಜ್ಯದ ಕಾನೂನಿನಂತೆ ಬಂದೂಕು ಒಯ್ಯಲು 2010ರಿಂದ ಅವಕಾಶವಿದೆ. ಅಲ್ಲಿ ಗುಂಡು ಹಾರಿಸುವುದಕ್ಕೆ ನಿಷೇಧ ಹಾಗೆಯೇ ಉಳಿದಿದೆ. ಅಭ್ಯಾಸವಿಲ್ಲದ ಕೈಗೆ .44ಗಿಂತ ಕರಡಿ ಸ್ಪ್ರೇಯೇ ಮೇಲು.

ಹಳೆಯದು ಕೊಳ್ಳುವಾಗ

ಹೊಸ .44ಗೆ ಸಾವಿರ ಡಾಲರಿನ ಆಸುಪಾಸು ಆಗುವುದರಿಂದ ಹಲವರು ಹಳೆಯದನ್ನು ನೋಡುತ್ತಾರೆ. ನೋಡಬೇಕಾದದ್ದೇ, ಚೆನ್ನಾಗಿಟ್ಟ ರಿವಾಲ್ವರ್ ತಲೆಮಾರು ದಾಟುತ್ತದೆ. ಕೈಗೆ ಬಂದ ಕೂಡಲೇ ಸಿಲಿಂಡರ್ ತೆರೆದು ಖಾಲಿಯಿದೆಯೇ ಎಂದು ನೀವೇ ನೋಡಿ, ಅಂಗಡಿಯವರು ಈಗಷ್ಟೇ ನೋಡಿದ್ದರೂ. ಆಮೇಲೆ ಸಿಲಿಂಡರ್ ಮುಚ್ಚಿ, ಅದರ ಮೇಲೆ ಒಂದು ಬೆರಳನ್ನು ತುಸುವೇ ತಡೆಯುವಂತೆ ಇಟ್ಟು, ಹ್ಯಾಮರನ್ನು ನಿಧಾನಕ್ಕೆ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ಕೆಂದು ಕಚ್ಚಿಕೊಳ್ಳಬೇಕು. ಆರೂ ಕೋಣೆಗಳಿಗೆ ಇದನ್ನು ಮಾಡಿ. ಒಂದರಲ್ಲಿ ತಡವಾದರೂ ಗುಂಡು ನಳಿಕೆಯ ಬಾಯಿಗೆ ಓರೆಯಾಗಿ ಬಡಿಯುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಹ್ಯಾಮರ್ ಎಳೆದಿಟ್ಟಾಗ ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಕಳಚಿ ಬಿದ್ದರೆ ವಾಪಸ್ ಕೊಟ್ಟುಬಿಡಿ.

ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಮಿಲಿಮೀಟರಿನ ಹತ್ತನೇ ಒಂದರಿಂದ ಎರಡು ಭಾಗವಿದ್ದರೆ ಸರಿ. ಸಿಲಿಂಡರನ್ನು ಹಿಂದೆಮುಂದೆ ಅಲ್ಲಾಡಿಸಿದರೆ ಲೊಡಲೊಡ ಅನ್ನಬಾರದು. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಮನೆಯಲ್ಲೇ ಬಿಚ್ಚಿ ರಿಪೇರಿ ಮಾಡಿದ್ದಾರೆ ಅಂತಲೇ ಅರ್ಥ. ಹಾಗೆ ಬಿಚ್ಚಿದವರು ಒಳಗೆ ಏನು ಉಜ್ಜಿದ್ದಾರೋ ದೇವರಿಗೇ ಗೊತ್ತು.

ರೇಂಜಿನಲ್ಲಿ ಮೊದಲ ದಿನ

ಕೊಡಗಿನ ಓದುಗರಿಗೆ ಕೋವಿಯ ಒದೆತ ಹೊಸದಲ್ಲ, ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟವರು ಅವರು. ಕೋವಿಗೆ ಭುಜದ ಆಸರೆ ಇರುತ್ತದೆ. ರಿವಾಲ್ವರಿಗೆ ಇರುವುದು ಎರಡು ಮಣಿಕಟ್ಟು ಮಾತ್ರ.

ಕಿವಿಯೊಳಗೆ ಫೋಮಿನ ಬಿರಡೆ, ಅದರ ಮೇಲೆ ಇಯರ್‌ಮಫ್, ಎರಡೂ ಇರಲಿ. ಮುಚ್ಚಿದ ರೇಂಜಿನಲ್ಲಿ ಮ್ಯಾಗ್ನಂ ಸದ್ದು ಎದೆಗೇ ಬಡಿಯುತ್ತದೆ, ಬೆಚ್ಚುವುದರಲ್ಲಿ ಅರ್ಧ ಪಾಲು ಸದ್ದಿನದೇ. ಕಣ್ಣಿಗೆ ಕನ್ನಡಕ, ಕಾಲಿಗೆ ಶೂ, ಕೊರಳು ಮುಚ್ಚುವ ಅಂಗಿ. ಪಕ್ಕದವರ ಪಿಸ್ತೂಲಿನಿಂದ ಹಾರಿದ ಬಿಸಿ ಕೊಳವೆ ಕಾಲರಿನೊಳಗೆ ಇಳಿದರೆ ಕೈಯಲ್ಲಿ ಗನ್ ಇರುವುದೇ ಮರೆತು ಕುಣಿಯುತ್ತೀರಿ. ಗನ್ ಸದಾ ತುಂಬಿದೆ ಎಂದೇ ಎಣಿಸಿ. ಹೊಡೆಯಬಾರದ್ದರ ಕಡೆ ಅದರ ಬಾಯಿ ತಿರುಗಿಸಬೇಡಿ. ಗುರಿ ಕೂಡುವ ತನಕ ಬೆರಳು ಟ್ರಿಗರಿನಿಂದ ಹೊರಗಿರಲಿ. ಗುರಿಯ ಹಿಂದೆ ಏನಿದೆ ಅಂತ ತಿಳಿದಿರಲಿ. ಮೇಲ್ವಿಚಾರಕರು ‘ಸೀಸ್ ಫೈರ್’ ಅಂದರೆ ಅಲ್ಲಿಗೆ ನಿಲ್ಲಿಸಿ ಗನ್ ಕೆಳಗಿಡಿ.

ಗುರಿಹಲಗೆ ಆರೇಳು ಮೀಟರ್ ದೂರದಲ್ಲಿರಲಿ. ಬಲಗೈಯನ್ನು ಹಿಡಿಯ ಮೇಲ್ತುದಿಯವರೆಗೂ ತಂದು ಹಿಡಿಯಿರಿ, ಎಡಗೈ ಅದನ್ನು ಸುತ್ತಿ ಬಿಗಿಯಲಿ. ಎಡ ಹೆಬ್ಬೆರಳು ಎಲ್ಲಿದೆ ಎನ್ನುವುದು ಬಹಳ ಮುಖ್ಯ. ಪಿಸ್ತೂಲಿನ ಅಭ್ಯಾಸವಿದ್ದವರು ಅದನ್ನು ಮುಂದಕ್ಕೆ ಚಾಚುತ್ತಾರೆ. ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಕೆಗೂ ನಡುವಿನ ಸಂದಿಯಿಂದ ಕಾದ ಗ್ಯಾಸು ಚಾಕುವಿನಂತೆ ಹೊರಬರುತ್ತದೆ, ಮ್ಯಾಗ್ನಂ ಆದರೆ ಬೆರಳಿನ ಮಾಂಸವನ್ನೇ ಸೀಳುತ್ತದೆ. ಎರಡೂ ಹೆಬ್ಬೆರಳು ಒಂದರ ಮೇಲೊಂದು ಕೂತು ಹಿಂದೆಯೇ ಇರಲಿ. ಮೊಣಕೈ ತುಸು ಬಾಗಿರಲಿ, ಮೈ ಕೊಂಚ ಮುಂದಕ್ಕೆ ವಾಲಲಿ.

ಮೊದಲಿಗೆ ಒಂದೇ ಕಾಡತೂಸು ಹಾಕಿ. ಇದನ್ನು ಅತಿ ಜಾಗ್ರತೆ ಎಂದುಕೊಳ್ಳಬೇಡಿ. ಒದೆತಕ್ಕೆ ರಿವಾಲ್ವರ್ ಮೇಲೆದ್ದಾಗ ಹೊಸಬರ ಕೈ ಅದನ್ನು ಬಿಗಿಯಾಗಿ ಅವುಚಿಕೊಳ್ಳುತ್ತದೆ. ಆ ಅವುಚುವಿಕೆಯಲ್ಲೇ ಬೆರಳು ಟ್ರಿಗರನ್ನು ಮತ್ತೆ ಎಳೆದುಬಿಡುತ್ತದೆ. ರಿವಾಲ್ವರಿನ ಬಾಯಿ ಆಗ ಚಾವಣಿ ನೋಡುತ್ತಿರಬಹುದು, ನಿಮ್ಮ ಹಣೆಯನ್ನೂ ನೋಡುತ್ತಿರಬಹುದು. ಸ್ಮಿತ್ ಅಂಡ್ ವೆಸನ್ ಸಿಲಿಂಡರ್ ಹಿಂದಿನಿಂದ ನೋಡಿದರೆ ಎಡಕ್ಕೆ ಸುತ್ತುತ್ತದೆ. ಹಾಗಾಗಿ ನಳಿಕೆಗೆ ನೇರವಿರುವ ಕೋಣೆಯ ಬಲಪಕ್ಕದ ಕೋಣೆಗೆ ಕಾಡತೂಸು ಹಾಕಿ ಮುಚ್ಚಿ. ಹ್ಯಾಮರ್ ಎಳೆದಾಗ ಅದೇ ಮೇಲೆ ಬರುತ್ತದೆ. ಕೋಲ್ಟ್‌ನದ್ದು ಸುತ್ತುವುದು ಬಲಕ್ಕೆ, ಅಲ್ಲಿ ಎಡಪಕ್ಕದ ಕೋಣೆ.

ಮೊದಲ ಗುಂಡುಗಳನ್ನು ಹ್ಯಾಮರ್ ಎಳೆದಿಟ್ಟೇ ಹಾರಿಸಿ. ಆಗ ಟ್ರಿಗರಿಗೆ ಒಂದೂವರೆ ಕಿಲೋನಷ್ಟು ಒತ್ತಡ ಸಾಕು. ಎಳೆಯದೆ ನೇರ ಒತ್ತಿದರೆ ಐದು ಕಿಲೋದ ಹತ್ತಿರ ಬೇಕು, ಆ ಹೊತ್ತಿಗೆ ಗುರಿ ಅಲುಗಿರುತ್ತದೆ. ಮುಂದಿನ ಸೈಟ್ ನಿಚ್ಚಳವಾಗಿ ಕಾಣಲಿ, ಹಲಗೆ ಮಬ್ಬಾದರೆ ಚಿಂತೆಯಿಲ್ಲ. ಟ್ರಿಗರ್ ಒತ್ತುತ್ತಾ ಹೋಗಿ, ಯಾವಾಗ ಹಾರುತ್ತದೆಂದು ಕಾಯಬೇಡಿ. ರಿವಾಲ್ವರ್ ಮೇಲೇಳುತ್ತದೆ, ಏಳಲಿ, ತಡೆಯಲು ಹೋಗಬೇಡಿ.

ಕ್ಲಿಕ್ ಎಂದು ಗುಂಡು ಹಾರದಿದ್ದರೆ 30 ಸೆಕೆಂಡ್ ಹಲಗೆಯ ಕಡೆಗೇ ಹಿಡಿದು ನಿಲ್ಲಿ, ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಇದಕ್ಕಿಂತ ಅಪಾಯದ್ದು, ಢಂ ಅನ್ನಬೇಕಾದಲ್ಲಿ ಪುಸ್ ಅನ್ನುವುದು. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಕೆ ಒಡೆಯುತ್ತದೆ. ಅಲ್ಲಿಗೆ ನಿಲ್ಲಿಸಿ, ಖಾಲಿ ಮಾಡಿ, ಮೇಲ್ವಿಚಾರಕರನ್ನು ಕರೆಯಿರಿ. ಖಾಲಿ ಕೊಳವೆ ತೆಗೆಯುವಾಗ ನಳಿಕೆ ಮೇಲ್ಮುಖವಾಗಿರಲಿ, ಎಜೆಕ್ಟರ್ ಕಡ್ಡಿಗೆ ಅಂಗೈಯಿಂದ ಒಂದೇ ಏಟು. ಹಗುರಕ್ಕೆ ಒತ್ತಿದರೆ ಒಂದು ಕೊಳವೆ ಜಾರಿ ಎಜೆಕ್ಟರಿನ ಅಡಿ ಸಿಕ್ಕಿಕೊಳ್ಳಬಹುದು.

ಬೆಚ್ಚುವ ಕೈಗೆ ಔಷಧ

ಮೊದಲ ದಿನ ಸ್ಪೆಷಲ್ ಗುಂಡು ಇಪ್ಪತ್ತೋ ಮೂವತ್ತೋ ಸಾಕು. ಗುಂಡುಗಳೆಲ್ಲ ಗುರಿಯ ಕೆಳಗೆ ಬೀಳಲು ಶುರುವಾದರೆ ಕೈ ಬೆಚ್ಚುತ್ತಿದೆ ಎಂದು ತಿಳಿಯಿರಿ. ಒದೆತವನ್ನು ಎದುರಿಸಲು ಮಣಿಕಟ್ಟು ಮೊದಲೇ ಕೆಳಗೆ ತಳ್ಳುತ್ತದೆ. ಸೈಟ್ ತಿರುಗಿಸಿ ಸರಿಮಾಡಲು ಹೋಗಬೇಡಿ, ತಪ್ಪು ಸೈಟ್‌ನದ್ದಲ್ಲ. ಜತೆಗಿರುವವರ ಕೈಗೆ ರಿವಾಲ್ವರ್ ಕೊಟ್ಟು ಮೂರು ಕಾಡತೂಸು, ಮೂರು ಖಾಲಿ ಕೊಳವೆ ಬೆರೆಸಿ ತುಂಬಿಸಲು ಹೇಳಿ. ಯಾವುದು ಎಲ್ಲಿ ಅಂತ ನಿಮಗೆ ಗೊತ್ತಾಗಬಾರದು. ಖಾಲಿ ಕೊಳವೆಯ ಮೇಲೆ ಹ್ಯಾಮರ್ ಬಿದ್ದಾಗ ನಳಿಕೆ ಹೇಗೆ ಮುಗ್ಗರಿಸುತ್ತದೆ ಎಂದು ನೋಡಿದರೆ ನಿಮಗೇ ನಗು ಬರುತ್ತದೆ. ನಳಿಕೆ ಅಲುಗದೆ ನಿಲ್ಲುವ ತನಕ ಇದನ್ನೇ ಮಾಡಿ. ಮ್ಯಾಗ್ನಂ ಗುಂಡು ದುಬಾರಿಯಾಗಿರುವ ಈ ಕಾಲದಲ್ಲಿ ಇದು ಅಗ್ಗದ ಪಾಠವೂ ಹೌದು. ಮನೆಯಲ್ಲಿ ನಕಲಿ ಕಾಡತೂಸು ಹಾಕಿ ಗೋಡೆಗೆ ಗುರಿಯಿಟ್ಟು ಟ್ರಿಗರ್ ಒತ್ತುವ ಅಭ್ಯಾಸ ಇನ್ನೂ ಅಗ್ಗ. ಆಗ ಅಸಲಿ ಗುಂಡು ಆ ಕೋಣೆಯಲ್ಲೇ ಇರಬಾರದು.

ಮ್ಯಾಗ್ನಂಗೆ ಬಂದಾಗ ಮೊದಲು ಸಿಲಿಂಡರ್ ಕೋಣೆಗಳನ್ನು ಬ್ರಶ್ ಹಾಕಿ ಉಜ್ಜಿ. ಸ್ಪೆಷಲ್‌ನ ಗಿಡ್ಡ ಕೊಳವೆಗಳು ಒಳಗೆ ಮಸಿಯ ಬಳೆ ಕಟ್ಟಿರುತ್ತವೆ, ಉದ್ದ ಕೊಳವೆ ಅದರಲ್ಲಿ ಸಿಕ್ಕಿಕೊಂಡು ಹೊರಬರಲು ಹಟ ಮಾಡುತ್ತದೆ. ಮತ್ತೆ ಒಂದೊಂದೇ ಕಾಡತೂಸಿನಿಂದ ಶುರುಮಾಡಿ. ಐದು ಸ್ಪೆಷಲ್‌ಗೆ ಒಂದು ಮ್ಯಾಗ್ನಂ ಎಂಬ ಲೆಕ್ಕ ಹಲವರಿಗೆ ಒಗ್ಗಿದೆ. ಬೆರಳ ಗೆಣ್ಣು ನೋಯಲು ತೊಡಗಿದರೆ ಅಂದಿಗೆ ಮುಗಿಸಿ. ಮರದ ಹಿಡಿ ಚೆಂದ, ಆದರೆ ಕಲಿಯುವಾಗ ರಬ್ಬರಿನದೇ ಹಾಕಿಸಿ.

ಮನೆಗೆ ಬಂದ ಮೇಲೆ

ರೇಂಜಿನಿಂದ ಬಂದಾಗ ಏನನ್ನಾದರೂ ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಸೀಸ ಕಣ್ಣಿಗೆ ಕಾಣುವುದಿಲ್ಲ. ರಿವಾಲ್ವರ್ ಬೀಗದ ಉಕ್ಕಿನ ಪೆಟ್ಟಿಗೆಯಲ್ಲಿ, ಕಾಡತೂಸು ಬೇರೆ ಕಡೆ, ಕೀಲಿಕೈ ಮಕ್ಕಳಿಗೆ ಸಿಗದಲ್ಲಿ. ಸೀರೆಗಳ ಅಡಿ, ದೇವರ ಗೂಡಿನ ಹಿಂದೆ ಎಂಬ ನಮ್ಮ ಮಾಮೂಲಿ ಗುಪ್ತಸ್ಥಳಗಳು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ.

ರೇಂಜಿಗೆ ಒಯ್ಯುವ ಚೀಲವನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಊರಿನ ಪ್ರಯಾಣಕ್ಕಂತೂ ಬೇಡವೇ ಬೇಡ. ಅಮೆರಿಕದ ರಶೀದಿ, ಅಲ್ಲಿನ ಪರ್ಮಿಟ್ ಯಾವುದಕ್ಕೂ ಭಾರತದಲ್ಲಿ ಕಿಮ್ಮತ್ತಿಲ್ಲ. ಲೈಸೆನ್ಸ್ ಇಲ್ಲದವರ ಚೀಲದ ಮೂಲೆಯಲ್ಲಿ ಒಂದೇ ಒಂದು ಕಾಡತೂಸು ಸಿಕ್ಕಿದರೂ ವಿಮಾನ ನಿಲ್ದಾಣದ ಪೊಲೀಸರು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕುತ್ತಾರೆ. ಊರಿಗೆ ಹೊರಡುವ ಮುನ್ನ ಸೂಟ್‌ಕೇಸು, ಬ್ಯಾಕ್‌ಪ್ಯಾಕು, ಜಾಕೆಟ್ಟಿನ ಜೇಬು ಎಲ್ಲವನ್ನೂ ಒಳಮೈ ಹೊರಮೈ ಮಾಡಿ ಕೊಡವಿ ನೋಡಿ. ಜಿಪ್ಪಿನ ಒಳಜೇಬನ್ನು ಎರಡು ಸಲ ನೋಡಿ.