ಹೊಗಳಿಕೆಗೂ ಉಲ್ಲೇಖ ಬೇಕು

ಆಗಸ್ಟ್ 20 ಮತ್ತು ಜೂನ್ 6. ಕನ್ನಡ ವಿಕಿಪೀಡಿಯದಲ್ಲಿ ದೇವರಾಜ ಅರಸರ ಪುಟವನ್ನು ಈ ಎರಡು ದಿನ ಕಣ್ಣಿಟ್ಟು ಕಾಯಬೇಕಾಗುತ್ತದೆ. ಒಂದು ಅವರು ಹುಟ್ಟಿದ ದಿನ, ಇನ್ನೊಂದು ತೀರಿಕೊಂಡ ದಿನ. ಬೆಳಿಗ್ಗೆ ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ, ಮಧ್ಯಾಹ್ನ ಸಭೆಗಳಾಗುತ್ತವೆ, ಸಂಜೆ ಹೊತ್ತಿಗೆ ಯಾರೋ ಒಬ್ಬರು ಪುಟ ತೆರೆದು ‘ಸಂಪಾದಿಸಿ’ ಒತ್ತಿರುತ್ತಾರೆ. ‘ಮುಖ್ಯಮಂತ್ರಿಯಾಗಿದ್ದರು’ ಎಂದಿದ್ದದ್ದು ‘ಯುಗಪುರುಷ, ದೀನರ ಆಶಾಕಿರಣ, ಧೀಮಂತ ಮುಖ್ಯಮಂತ್ರಿಯಾಗಿದ್ದರು’ ಎಂದಾಗುತ್ತದೆ. ಮರುದಿನ ಮತ್ತೊಬ್ಬರು ಬಂದು ಅದನ್ನೆಲ್ಲ ಅಳಿಸಿ ತುರ್ತು ಪರಿಸ್ಥಿತಿಯ ಬಗ್ಗೆ ನಾಲ್ಕು ಕಟು ಮಾತು ಸೇರಿಸುತ್ತಾರೆ. ಮೂರನೆಯವರು ಎರಡನ್ನೂ ರದ್ದು ಮಾಡುತ್ತಾರೆ.

ಈ ಪುಟದ ಕೆಲಸದಲ್ಲಿ ಹಲವು ವರ್ಷಗಳಿಂದ ಕೈಜೋಡಿಸಿದವರಲ್ಲಿ ನಾನೂ ಒಬ್ಬ. ಅರಸರ ಮೇಲೆ ನನಗೆ ಅಭಿಮಾನವಿದೆ, ಅದನ್ನು ಚರ್ಚೆಪುಟದಲ್ಲಿ ಎಂದೂ ಮುಚ್ಚಿಟ್ಟಿಲ್ಲ. ಅಭಿಮಾನಿಯಾದವನು ಮೊದಲು ಬಿಡಬೇಕಾದದ್ದು ವಿಶೇಷಣಗಳನ್ನು ಎಂಬುದನ್ನು ಈ ಪುಟವೇ ಕಲಿಸಿತು. ‘ಕ್ರಾಂತಿಕಾರಿ ಭೂಸುಧಾರಣೆ ತಂದರು’ ಎಂದು ಬರೆದರೆ ಇವತ್ತು ಹತ್ತನೇ ತರಗತಿಯಲ್ಲಿ ಓದುವ ಹುಡುಗಿಗೆ ಏನು ಗೊತ್ತಾಗುತ್ತದೆ? 1961ರ ಭೂಸುಧಾರಣಾ ಕಾಯ್ದೆಗೆ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯಲ್ಲಿದ್ದ ಜಮೀನು ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಏಳನೇ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿ ಹಕ್ಕು ಕೇಳಬಹುದಿತ್ತು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಈ ಕೊನೆಯ ವಾಕ್ಯ ಓದಿದಾಗ, ಹಣ ಕೊಟ್ಟು ವಕೀಲರನ್ನು ಇಡಬಲ್ಲ ಒಡೆಯನೂ ಓದು ಬರಹ ಬಾರದ ಗೇಣಿದಾರನೂ ಒಂದೇ ಬೆಂಚಿನ ಮುಂದೆ ನಿಂತ ಚಿತ್ರ ತಾನಾಗಿ ಕಣ್ಣಿಗೆ ಬರುತ್ತದೆ. ‘ಯುಗಪುರುಷ’ ಎಂಬ ಪದಕ್ಕೆ ಆ ಶಕ್ತಿಯಿಲ್ಲ.

ಏಳನೇ ನಮೂನೆಯ ವಿಷಯ ಬಂದಾಗಲೇ ಚರ್ಚೆಪುಟಕ್ಕೆ ಕಾವು ಏರಿದ್ದು. ಮಲೆನಾಡಿನ ಸಂಪಾದಕರೊಬ್ಬರು ತಮ್ಮ ಅಜ್ಜನ ಕತೆ ಬರೆದರು: ತಲೆಮಾರುಗಳಿಂದ ಗೇಣಿಗೆ ಮಾಡುತ್ತಿದ್ದ ಗದ್ದೆ, ಡಿಕ್ಲರೇಷನ್ (ಏಳನೇ ನಮೂನೆಯ ಅರ್ಜಿ) ಹಾಕಲು ಹೆದರಿದ ಅಜ್ಜ, ಬೆನ್ನಿಗೆ ನಿಂತ ಊರಿನ ಶಾಲೆಯ ಮೇಷ್ಟ್ರು, ಕೊನೆಗೆ ಕೈಗೆ ಬಂದ ಹಕ್ಕುಪತ್ರ. ಈ ಪ್ಯಾರಾ ಪುಟದಲ್ಲಿ ಇರಲೇಬೇಕು ಎಂಬುದು ಅವರ ಪಟ್ಟು. ಕರಾವಳಿಯ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ತಮ್ಮ ಅಜ್ಜಿಯ ಕತೆ ಬರೆದರು. ಗಂಡ ತೀರಿಕೊಂಡ ಮೇಲೆ ಆಕೆ ಇದ್ದ ಸ್ವಲ್ಪ ನೆಲವನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದರಂತೆ. ಆ ನೆಲವೂ ಹೋಯಿತು. ಒಡೆಯರೆಂದರೆ ಎಲ್ಲರೂ ದೊಡ್ಡ ಜಮೀನ್ದಾರರಾಗಿರಲಿಲ್ಲ, ಇದನ್ನೂ ಬರೆಯಿರಿ ಎಂಬುದು ಅವರ ಒತ್ತಾಯ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೂ ಎರಡು ಕತೆಗಳಲ್ಲಿ ಒಂದೂ ಪುಟಕ್ಕೆ ಬರುವಂತಿರಲಿಲ್ಲ. ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ, ಸ್ವಂತ ನೆನಪಿಗೆ ಜಾಗವಿಲ್ಲ. ಬೇರೆಡೆ ಪ್ರಕಟವಾಗಿ, ಯಾರು ಬೇಕಾದರೂ ತೆಗೆದು ಪರಿಶೀಲಿಸಬಹುದಾದ ಮಾತಿಗೆ ಮಾತ್ರ ಜಾಗ. ಈ ನಿಯಮ ಕ್ರೂರವೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಊರ ನೆನಪು ಬಾಯಿಂದ ಬಾಯಿಗೇ ದಾಟಿ ಬಂದ ನಮ್ಮಂಥ ನಾಡಿನಲ್ಲಿ ಇನ್ನೂ ಹೆಚ್ಚು. ಆದರೂ ಅದನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಇವತ್ತು ಈ ಅಜ್ಜನಿಗೆ ಬಾಗಿಲು ತೆರೆದರೆ ನಾಳೆ ಯಾರದೋ ಹೆಸರಿನಲ್ಲಿ ಕಟ್ಟಿದ ಕತೆಗೂ ತೆರೆಯಬೇಕಾಗುತ್ತದೆ, ಮತ್ತು ಯಾವುದು ನಿಜ ಎಂದು ತೂಗಿ ನೋಡುವ ಸಾಧನ ಅಲ್ಲಿ ಯಾರ ಕೈಯಲ್ಲೂ ಇಲ್ಲ.

ಆ ಇಬ್ಬರೂ ಸಿಟ್ಟಿನಿಂದ ಎದ್ದು ಹೋಗಲಿಲ್ಲ. ಪ್ರಕಟಿತ ಅಧ್ಯಯನಗಳನ್ನು ಹುಡುಕಿ ತಂದರು. ಸುಧಾರಣೆಯ ಫಲ ಎಲ್ಲ ಕಡೆ ಒಂದೇ ಸಮ ಇರಲಿಲ್ಲ, ಗೇಣಿ ಪದ್ಧತಿ ದಟ್ಟವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಭಾಗಗಳಲ್ಲಿ ಹೆಚ್ಚು ಕಂಡಿತು ಎಂಬ ವಾಕ್ಯ ಹೀಗೆ ಬಂತು. ಕರ್ನಾಟಕದ ಭೂಶಾಸನದ ಬಗ್ಗೆ ನರೇಂದ್ರ ಪಾಣಿ ಎತ್ತಿದ ಟೀಕೆ ಅವರದೇ ಹೆಸರಿನಲ್ಲಿ, ಅರಸರ ರಾಜಕಾರಣದ ಬಗ್ಗೆ ಇ. ರಾಘವನ್ ಮತ್ತು ಜೇಮ್ಸ್ ಮ್ಯಾನರ್ ಬರೆದ ಮೆಚ್ಚುಗೆ ಅವರ ಹೆಸರಿನಲ್ಲಿ. ಅಂಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕಾಯಿತು. ಬಂದ ಅರ್ಜಿಗಳು, ಇತ್ಯರ್ಥವಾದ ಅರ್ಜಿಗಳು, ಗೇಣಿದಾರರ ಪರವಾದ ತೀರ್ಪುಗಳು — ಇವು ಮೂರು ಬೇರೆ ಬೇರೆ ಸಂಖ್ಯೆಗಳು. ಭಾಷಣಗಳಲ್ಲಿ ಇವುಗಳಲ್ಲಿ ದೊಡ್ಡದನ್ನು ಎತ್ತಿ ‘ಇಷ್ಟು ಕುಟುಂಬಗಳಿಗೆ ಭೂಮಿ ಕೊಟ್ಟರು’ ಎಂದುಬಿಡುತ್ತಾರೆ. ಅರಸರ ಬಗ್ಗೆ ಆ ಇಬ್ಬರು ಸಂಪಾದಕರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಆ ಪ್ಯಾರಾದ ಬಗ್ಗೆ ಬಂದಿದ್ದಾರೆ.

ತುರ್ತು ಪರಿಸ್ಥಿತಿಯ ಭಾಗ ಇದಕ್ಕಿಂತ ಕಷ್ಟದ್ದು. ಅದು ದಿಲ್ಲಿಯ ತೀರ್ಮಾನ, ರಾಜ್ಯದ ಮುಖ್ಯಮಂತ್ರಿಯ ಪುಟದಲ್ಲಿ ಅದಕ್ಕೇನು ಕೆಲಸ ಎಂದು ಒಂದು ವಾದ. ಅರ್ಧ ಪುಟ ಅದಕ್ಕೇ ಮೀಸಲಿಡಬೇಕು ಎಂದು ಇನ್ನೊಂದು. ಗಂಟು ಬಿಡಿಸಿದವರು ಕಾನೂನು ಬಲ್ಲ ಒಬ್ಬ ಸಂಪಾದಕರು. ಸಂವಿಧಾನದ ಪ್ರಕಾರ ಸೆರೆಮನೆಗಳು ರಾಜ್ಯಪಟ್ಟಿಯ ವಿಷಯ ಎಂದು ಅವರು ನೆನಪಿಸಿದರು. ಘೋಷಣೆ ದಿಲ್ಲಿಯದು, ಬೀಗದ ಕೈ ಬೆಂಗಳೂರಿನದು. ಹಾಗಾಗಿ ವಾಜಪೇಯಿ, ಆಡ್ವಾಣಿಯವರು ಬೆಂಗಳೂರು ಜೈಲಿನಲ್ಲಿದ್ದದ್ದು ಮಾತ್ರವಲ್ಲ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಲ್ಲಿ ತಿಂಗಳುಗಟ್ಟಲೆ ಬಂಧನದಲ್ಲಿದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡದ್ದೂ ಈ ಪುಟಕ್ಕೆ ಸೇರಿದ ಸಂಗತಿ. ಬೇರೆ ಕೆಲವು ರಾಜ್ಯಗಳಷ್ಟು ದಬ್ಬಾಳಿಕೆ ಇಲ್ಲಿ ನಡೆಯಲಿಲ್ಲ ಎಂಬ ಅಭಿಪ್ರಾಯವನ್ನು, ಹಾಗೆ ಹೇಳಿದವರ ಹೆಸರಿನೊಂದಿಗೆ ಮಾತ್ರ ಉಳಿಸಿಕೊಂಡೆವು.

ಆಗಲೇ ಒಬ್ಬ ತರುಣಿ, ಹೊಸದಾಗಿ ಸೇರಿದ್ದವರು, ಪುಟದ ರಚನೆಯನ್ನೇ ಪ್ರಶ್ನಿಸಿದರು. ನಾವು ‘ಸಾಧನೆಗಳು’ ಎಂದೊಂದು ಭಾಗ, ‘ವಿವಾದಗಳು’ ಎಂದೊಂದು ಭಾಗ ಮಾಡಿಟ್ಟಿದ್ದೆವು. ಎಲ್ಲ ರಾಜಕಾರಣಿಗಳ ಪುಟಗಳೂ ಹಾಗೇ ಇರುತ್ತವೆ. ಅಭಿಮಾನಿ ಮೊದಲನೆಯದನ್ನು ಓದುತ್ತಾನೆ, ವಿರೋಧಿ ಎರಡನೆಯದನ್ನು. ಆಕೆ ಎಲ್ಲವನ್ನೂ ಕಾಲಾನುಕ್ರಮದಲ್ಲಿ ಜೋಡಿಸಿ ತಮ್ಮ ಪ್ರಯೋಗಪುಟದಲ್ಲಿ ತೋರಿಸಿದರು. ನೋಡಿದರೆ, 1972ರಲ್ಲಿ ನೇಮಕವಾದ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ ವರದಿ ಕೊಟ್ಟದ್ದು 1975ರ ನವೆಂಬರಿನಲ್ಲಿ, ಅಂದರೆ ತುರ್ತು ಪರಿಸ್ಥಿತಿಯ ನಡುವೆ. ಋಣ ಪರಿಹಾರ ಕಾಯ್ದೆ 1976ರದ್ದು. ಅದೇ ವರ್ಷ ಸ್ನೇಹಲತಾ ರೆಡ್ಡಿ ಜೈಲು ಸೇರಿದರು. ಸಾಲಗಾರನಿಗೆ ಬಿಡುಗಡೆ, ಕಲಾವಿದೆಗೆ ಸೆರೆ, ಎರಡೂ ಒಂದೇ ಸರ್ಕಾರದ ಒಂದೇ ವರ್ಷದ ಕತೆ. ವಿಷಯವಾರು ಭಾಗಗಳು ಇದನ್ನು ನಮ್ಮಿಂದಲೇ ಮರೆಮಾಡಿದ್ದವು. ಜೀವನಚರಿತ್ರೆಯಲ್ಲಿ ‘ವಿವಾದಗಳು’ ಎಂಬ ಪ್ರತ್ಯೇಕ ಶೀರ್ಷಿಕೆಯನ್ನು ನಾನು ಅಂದಿನಿಂದ ಎಲ್ಲೇ ಕಂಡರೂ ಒಡೆದು ಆಯಾ ವರ್ಷಗಳಿಗೆ ಹಂಚಿರೆಂದು ಕೇಳುತ್ತೇನೆ.

ಗ್ರೋವರ್ ಆಯೋಗದ ಪ್ಯಾರಾದಲ್ಲಿ ಕ್ರಿಯಾಪದಗಳ ಮೇಲೇ ಇಡೀ ಚರ್ಚೆ. 1977ರ ಮೇ ತಿಂಗಳಲ್ಲಿ ಕೇಂದ್ರದ ಜನತಾ ಸರ್ಕಾರ ಅರಸರ ಮೇಲಿನ ಆರೋಪಗಳ ವಿಚಾರಣೆಗೆ ಈ ಆಯೋಗ ನೇಮಿಸಿತು. ರಾಜ್ಯ ಸರ್ಕಾರ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಅದೇ ನವೆಂಬರಿನಲ್ಲಿ ಸೋತಿತು. ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಬಂತು, 1978ರ ಫೆಬ್ರವರಿಯಲ್ಲಿ ಅರಸರು ಚುನಾವಣೆ ಗೆದ್ದು ಮರಳಿದರು. ‘ಜನತಾ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು’ ಎಂದು ಬರೆದವರೊಬ್ಬರೊಡನೆ ದೀರ್ಘವಾಗಿ ಮಾತಾಡಬೇಕಾಯಿತು. ಕೋರ್ಟು ತೀರ್ಮಾನಿಸಿದ್ದು ಆಯೋಗ ನೇಮಿಸುವ ಅಧಿಕಾರ ಕೇಂದ್ರಕ್ಕಿದೆಯೇ ಎಂಬುದನ್ನು; ಮತದಾರರು ತೀರ್ಮಾನಿಸಿದ್ದು ಯಾರು ಆಳಬೇಕೆಂಬುದನ್ನು. ಆರೋಪ ನಿಜವೇ ಎಂಬ ಪ್ರಶ್ನೆಗೆ ಅವೆರಡೂ ಉತ್ತರವಲ್ಲ. ಅವರು ಒಪ್ಪಿದರು, ತಾವೇ ವಾಕ್ಯ ತಿದ್ದಿದರು.

ಸಣ್ಣ ವಿಷಯಗಳೂ ಹೊತ್ತು ತಿನ್ನುತ್ತವೆ. 1972ರಲ್ಲಿ ಅವರು ಮುಖ್ಯಮಂತ್ರಿಯಾದದ್ದು ಮೈಸೂರು ರಾಜ್ಯಕ್ಕೆ, ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಇದನ್ನು ಮತ್ತೆ ಮತ್ತೆ ಸರಿಪಡಿಸಬೇಕು. ‘ಅತಿ ದೀರ್ಘಕಾಲ ಆಳಿದವರು’ ಎಂಬಂಥ ದಾಖಲೆಯ ವಾಕ್ಯಕ್ಕೆ ಬಾಳಿಕೆಯಿಲ್ಲ, ಎಂದಿನಿಂದ ಎಂದಿನವರೆಗೆ ಎಂದು ಬರೆದರೆ ಸಾಕು. ಚಿತ್ರದ ಗೋಳು ಬೇರೆ: ನಮ್ಮ ಕಾಯ್ದೆಯಲ್ಲಿ ಛಾಯಾಚಿತ್ರದ ಹಕ್ಕುಸ್ವಾಮ್ಯ ಈಗ ತೆಗೆದವರ ಮರಣದ ನಂತರ 60 ವರ್ಷ. 1974ರ ಪತ್ರಿಕೆಯ ಫೋಟೊ ಯಾವಾಗ ಮುಕ್ತವಾಗುತ್ತದೆಂದು ತಿಳಿಯಲು ತೆಗೆದವರು ಯಾರೆಂಬುದೇ ಮೊದಲು ಗೊತ್ತಾಗಬೇಕು. ಅಲ್ಲಿಯವರೆಗೆ ಸಾರ್ವಜನಿಕ ಜಾಗದಲ್ಲಿರುವ ಪ್ರತಿಮೆಯ ಫೋಟೊ ಹಾಕಿಕೊಳ್ಳಬಹುದು, ಅದಕ್ಕೆ ಕಾಯ್ದೆಯ ಅನುಮತಿಯಿದೆ.

ನನ್ನನ್ನು ನಿಜಕ್ಕೂ ಕಾಡುವುದು ಸುತ್ತಿ ಬರುವ ಉಲ್ಲೇಖ. ಯಾರೋ ಆಧಾರವಿಲ್ಲದೆ ಸೇರಿಸಿದ ವಾಕ್ಯ ಕೆಲ ಕಾಲ ಪುಟದಲ್ಲಿ ಉಳಿಯುತ್ತದೆ. ಜನ್ಮದಿನದ ಲೇಖನಕ್ಕೆ ಹುಡುಕುವವರು ಅದನ್ನು ಎತ್ತಿಕೊಳ್ಳುತ್ತಾರೆ. ಮುಂದಿನ ವರ್ಷ ಆ ಲೇಖನವೇ ಅದೇ ವಾಕ್ಯಕ್ಕೆ ಉಲ್ಲೇಖವಾಗಿ ಮರಳುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲೇ, ಅಷ್ಟೊಂದು ಕಣ್ಣುಗಳ ನಡುವೆ, 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರನ್ನು ಕೆನಡಿ ಹತ್ಯೆಯೊಂದಿಗೆ ಗಂಟುಹಾಕಿದ ಸುಳ್ಳು ತಿಂಗಳುಗಟ್ಟಲೆ ಉಳಿದಿತ್ತು. ಕನ್ನಡದಲ್ಲಿ ಓದುವವರು ಬಹಳ, ತಿದ್ದುವವರು ಬೆರಳೆಣಿಕೆ. ಹಾಗಾಗಿ ಒಂದು ನಿಯಮ ಮಾಡಿಕೊಂಡಿದ್ದೇನೆ: ಜಯಂತಿ, ಪುಣ್ಯತಿಥಿಯ ಲೇಖನಗಳನ್ನು ವಾಸ್ತವಾಂಶಕ್ಕೆ ಆಧಾರವಾಗಿ ಬಳಸುವುದಿಲ್ಲ. ಅಂದಿನ ಪತ್ರಿಕೆ, ವಿಧಾನಮಂಡಲದ ನಡಾವಳಿ, ಕೋರ್ಟಿನ ತೀರ್ಪು, ಸಂಶೋಧಕರ ಪುಸ್ತಕ, ಇವುಗಳಲ್ಲಿ ಸಿಗದಿದ್ದರೆ ವಾಕ್ಯವನ್ನು ಚರ್ಚೆಪುಟಕ್ಕೆ ಸಾಗಿಸುತ್ತೇನೆ.

ಸದ್ಯ ಕೆಲಸ ಬೇಡುತ್ತಿರುವುದು ಕೊನೆಯ ವರ್ಷಗಳ ಭಾಗ. 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದದ್ದು, 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ ಪಾಲಾದದ್ದು, ಶಾಸಕರು ಪಕ್ಷ ಬಿಟ್ಟು ಹೋದದ್ದು, ಕ್ರಾಂತಿರಂಗ ಕಟ್ಟಿದ್ದು, 1982ರಲ್ಲಿ ಸಾವು — ಇಷ್ಟನ್ನು ನಾಲ್ಕೈದು ಸಾಲಿನಲ್ಲಿ ಮುಗಿಸಿದ್ದೇವೆ. ಆ ದಿನಗಳ ಕನ್ನಡ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ಓದಬಲ್ಲವರು ಬೇಕು. ಮಲೆನಾಡಿನ ಆ ಸಂಪಾದಕರು ತಮ್ಮ ತಾಲ್ಲೂಕಿನ ಡಿಕ್ಲರೇಷನ್ ಕತೆಗಳನ್ನು ಒಂದು ಪುಸ್ತಕವಾಗಿ ಸಂಗ್ರಹಿಸುತ್ತಿದ್ದಾರೆ. ಅದಕ್ಕಾಗಿ ಕರಾವಳಿಯವರು ತಮ್ಮ ಅಜ್ಜಿಯ ಕತೆಯನ್ನೂ ಬರೆದು ಕಳಿಸಿದ್ದಾರೆ. ಅದು ಅಚ್ಚಾಗಿ ಬಂದ ಮೇಲೆ, ಏಳನೇ ನಮೂನೆಯ ಪ್ಯಾರಾದಲ್ಲಿ ಅದನ್ನು ಎಷ್ಟರ ಮಟ್ಟಿಗೆ ಉಲ್ಲೇಖಿಸಬಹುದು ಎಂದು ಚರ್ಚೆಪುಟದಲ್ಲಿ ಮತ್ತೆ ಕೂರಬೇಕು.